ಹೆಸರಿಡುವ ಮೊದಲು ಬಟ್ಟಲಿನ ಅಂಚು ನೋಡಿ: ಕಡಲ ಹೈಡ್ರಾಯ್ಡ್‌ಗಳನ್ನು ಬೇರ್ಪಡಿಸಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಕಡಲಿಲ್ಲ. ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರ ಸೇರಿದರೆ ಕಡಲು. ನಾನು ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಜಗಳೂರು, ಚನ್ನಗಿರಿ ಕಡೆಯಿಂದ ಬರುವ ಮಕ್ಕಳು. ಎಷ್ಟೋ ಜನ ಮೊದಲ ಸಲ ಕಡಲು ನೋಡುವುದೇ ನಮ್ಮ ಪ್ರವಾಸದಲ್ಲಿ. ಬರುವಾಗ ಹೈಡ್ರಾಯ್ಡ್ ಎಂಬ ಗಿಡದಂಥ ಪುಟ್ಟ ಕಡಲಪ್ರಾಣಿಗಳನ್ನು ನಾಲ್ಕಾರು ಸೀಸೆಗಳಲ್ಲಿ ತುಂಬಿಕೊಂಡು ಬರುತ್ತೇವೆ. ಆಮೇಲೆ ತಿಂಗಳುಗಟ್ಟಲೆ ಮೈಕ್ರೋಸ್ಕೋಪಿನ ಮುಂದೆ ಕೂತು ಅವುಗಳಿಗೆ ಹೆಸರು ಹುಡುಕುತ್ತೇವೆ. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಒಂದು ಹಳೆಯ ಕಾರಣವೂ ಇದೆ. ನಾನು ಓದಿದ ಕಾಲೇಜಿನಲ್ಲಿ ಒಂದು ಸ್ಲೈಡ್ ಇತ್ತು. ಚೀಟಿಯ ಮೇಲೆ 'ಒಬೇಲಿಯಾ' ಅಂತ ಒಂದು ಹೈಡ್ರಾಯ್ಡ್‌ನ ಹೆಸರು ಬರೆದಿತ್ತು. ನಾವೆಲ್ಲ ಆ ಸ್ಲೈಡ್ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದೆವು. ನಿಜ ಹೇಳಬೇಕೆಂದರೆ ಸ್ಲೈಡ್ ನೋಡಿ ಬರೆಯಲಿಲ್ಲ, ಪಠ್ಯಪುಸ್ತಕದ ಚಿತ್ರ ನೋಡಿ ಬರೆದೆವು. ವರ್ಷಗಳಾದ ಮೇಲೆ ಅದೇ ಸ್ಲೈಡ್ ಮತ್ತೆ ಕೈಗೆ ಸಿಕ್ಕಿತು. ಈ ಸಲ ನಿಧಾನವಾಗಿ ನೋಡಿದೆ. ಪ್ರಾಣಿ ಮುದುಡಿ ಕೂರುವ ಗಾಜಿನಂಥ ಪುಟ್ಟ ಬಟ್ಟಲುಗಳಿಗೆ ತೊಟ್ಟೇ ಇರಲಿಲ್ಲ! ಕಾಂಡಕ್ಕೆ ನೇರವಾಗಿ ಅಂಟಿಕೊಂಡಿದ್ದವು. ಒಬೇಲಿಯಾದ ಬಟ್ಟಲು ಯಾವತ್ತೂ ತೊಟ್ಟಿನ ಮೇಲೆ ನಿಂತಿರುತ್ತದೆ. ಅಂದರೆ ಎಷ್ಟು ಬ್ಯಾಚಿನ ಮಕ್ಕಳು ಬೇರೆ ಪ್ರಾಣಿಯನ್ನು ನೋಡಿ ಒಬೇಲಿಯಾ ಅಂತ ಬರೆದರೋ! ಅವತ್ತಿನಿಂದ ನನ್ನ ಪಾಠ ಒಂದೇ: ಕಣ್ಣಿಗೆ ಎಲ್ಲಿಯವರೆಗೆ ಕಂಡಿದೆಯೋ ಅಲ್ಲಿಯವರೆಗೆ ಮಾತ್ರ ಹೆಸರಿಡಬೇಕು.

ಇದು ಹೈಡ್ರಾಯ್ಡ್ ಹೌದೇ?

ಬಂಡೆ, ಹಗ್ಗ, ಚಿಪ್ಪಿನ ಮೇಲೆ ಕಂದು ಅಥವಾ ಬಿಳಿ ಬಣ್ಣದ ಪುಟ್ಟ ಗಿಡದ ಹಾಗೆ ಕಾಣುತ್ತದೆ. ಕೆಲವು ಹಕ್ಕಿಯ ಗರಿಯ ಹಾಗಿರುತ್ತವೆ. ಗಿಡವಲ್ಲ, ಪ್ರಾಣಿ. ಒಂದಲ್ಲ, ನೂರಾರು ಪ್ರಾಣಿಗಳು ಕೂಡಿ ಬಾಳುವ ಕಾಲನಿ. ಜೆಲ್ಲಿಫಿಶ್, ಹವಳಗಳ ಬಳಗ. ಕೊಂಬೆಯ ತುದಿಯಲ್ಲೋ ಮಗ್ಗುಲಲ್ಲೋ ಪಾಲಿಪ್‌ಗಳು, ಒಂದೊಂದಕ್ಕೂ ಬಾಯಿ, ಬಾಯಿಯ ಸುತ್ತ ಕೈಗಳು. ಒಬ್ಬರು ತಿಂದದ್ದು ಒಳಗಿನ ಕೊಳವೆಯಲ್ಲಿ ಹರಿದು ಎಲ್ಲರಿಗೂ ಸಿಗುತ್ತದೆ.

ಮೋಸ ಮಾಡುವುದು ಎರಡು. ಒಂದು ಕಡಲಪಾಚಿ. ಅದರಲ್ಲಿ ಪಾಲಿಪ್ ಇರುವುದಿಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಬ್ರಯೋಜೋವಾ ಎಂಬ ಬೇರೆಯೇ ಗುಂಪಿನ ಪ್ರಾಣಿ, ಇದು ನಿಜಕ್ಕೂ ಕಷ್ಟ. ಬ್ರಯೋಜೋವಾದ ಕೈಗಳ ಮೇಲೆ ಸಣ್ಣ ಸಣ್ಣ ರೋಮ ಸದಾ ಮಿಡಿಯುತ್ತಿರುತ್ತವೆ, ನೀರಿನಲ್ಲಿನ ಕಸ ಬಾಯಿಯ ಕಡೆ ಹರಿದು ಹೋಗುವುದು ಕಾಣುತ್ತದೆ. ಹೈಡ್ರಾಯ್ಡ್‌ನ ಕೈಯಲ್ಲಿ ಅಂಥ ರೋಮ ಇಲ್ಲ, ಬದಲಿಗೆ ಕುಟುಕು ಕೋಶಗಳ ಗಂಟುಗಳಿರುತ್ತವೆ. ಬ್ರಯೋಜೋವಾ ಮುಟ್ಟಿದ ಕೂಡಲೇ ಛಕ್ಕನೆ ತನ್ನ ಗೂಡಿಗೆ ಸೇರಿಕೊಳ್ಳುತ್ತದೆ. ಹೈಡ್ರಾಯ್ಡ್ ನಿಧಾನವಾಗಿ ಮುದುಡುತ್ತದೆ.

ತರುವ ಕೆಲಸ

ಮಳೆಗಾಲ ಬೇಡ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ, ಕಡಲೂ ಒರಟಾಗಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ನಮಗೆ ಅನುಕೂಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ. ಆಗ ಬಂಡೆಯ ನೆರಳಿನ ಮಗ್ಗುಲು, ಕಲ್ಲಿನ ಅಡಿ, ಪಚ್ಚಿಲೆ ಚಿಪ್ಪಿನ ಬೆನ್ನು, ಪಾಚಿಯ ಕಾಂಡ ನೋಡಿ. ಬಂದರಿನಲ್ಲಾದರೆ ನೀರಿನಲ್ಲಿ ಬಹಳ ದಿನ ಬಿದ್ದಿರುವ ಹಗ್ಗ, ತೇಲುಬುರುಡೆ, ದೋಣಿಯ ತಳ. ದೋಣಿಯನ್ನು ಮುಟ್ಟುವ ಮೊದಲು ಅದನ್ನು ನಡೆಸುವ ತಾಂಡೇಲರನ್ನು ಕೇಳಿ. ಕೇಳಿದರೆ ಅವರೇ ಕಿತ್ತು ಕೊಡುತ್ತಾರೆ, ಯಾವ ಹಗ್ಗ ಎಷ್ಟು ತಿಂಗಳಿಂದ ನೀರಿನಲ್ಲಿದೆ ಅಂತಲೂ ಹೇಳುತ್ತಾರೆ. ಸನ್ಯಾಸಿ ಏಡಿ ಹೊತ್ತುಕೊಂಡು ಓಡಾಡುವ ಶಂಖದ ಮೇಲೂ ಹೈಡ್ರಾಯ್ಡ್ ಬೆಳೆಯುತ್ತದೆ. ಅದನ್ನು ಲೆನ್ಸಿನಲ್ಲಿ ನೋಡಿ ಏಡಿಯನ್ನು ವಾಪಸ್ ಬಿಡಿ.

ಎರಡು ಎಚ್ಚರಿಕೆ ಹೇಳಲೇಬೇಕು. ಬಿಳಿ ಗರಿಗಳ, ಕಪ್ಪು ಕಾಂಡದ ಮ್ಯಾಕ್ರೋರಿಂಕಿಯಾ ಫಿಲಿಪ್ಪಿನಾ ಎಂಬುದು ಬರಿಗೈ ತಾಗಿದರೆ ಬೆಂಕಿ ಇಟ್ಟಂತೆ ಉರಿಯುತ್ತದೆ, ದದ್ದು ಏಳುತ್ತದೆ. ಆದ್ದರಿಂದ ಕೈಗೆ ಗ್ಲೌಸ್ ಇರಲಿ. ಇನ್ನೊಂದು ಕಾನೂನಿನ ಮಾತು. ಹವಳಗಳಿಗೂ, ಬೆಂಕಿ ಹವಳ ಎನ್ನುವ ಮಿಲೆಪೋರಾಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮಿಲೆಪೋರಾ ನೋಡಲು ಹವಳ, ಹುಟ್ಟಿನಲ್ಲಿ ಹೈಡ್ರಾಯ್ಡ್‌ಗಳ ಹೈಡ್ರೋಜೋವಾ ವರ್ಗದ್ದೇ. ಅದರ ಚೂರನ್ನೂ ಮುಟ್ಟಬೇಡಿ. ಬೇರೆ ಹೈಡ್ರಾಯ್ಡ್ ಕೂಡ ಹೆಬ್ಬೆರಳಿನಷ್ಟು ತುಂಡು ಸಾಕು, ಬುಡದ ಎಳೆ ಅಲ್ಲೇ ಉಳಿದರೆ ಮತ್ತೆ ಚಿಗುರುತ್ತದೆ.

ಆ ತುಂಡನ್ನು ಮೂರು ಭಾಗ ಮಾಡಿ. ಒಂದು ಜೀವಂತ, ಕಡಲ ನೀರಿನಲ್ಲಿ, ಸೀಸೆ ಅರ್ಧ ಮಾತ್ರ ತುಂಬಿಸಿ, ತಂಪು ಪೆಟ್ಟಿಗೆಯಲ್ಲಿ. ಐಸ್ ನೇರವಾಗಿ ತಾಗಬಾರದು, ನಡುವೆ ದಪ್ಪ ಬಟ್ಟೆ ಇಡಿ. ಎರಡನೆಯದು ಡಿಎನ್‌ಎ ಪರೀಕ್ಷೆಗೆ, 95 ಪರ್ಸೆಂಟ್ ಅಥವಾ ಅದಕ್ಕೂ ಜಾಸ್ತಿ ಶುದ್ಧವಾದ ಎಥನಾಲ್‌ನಲ್ಲಿ. ಮೂರನೆಯದು ಆಕಾರ ನೋಡುವುದಕ್ಕೆ, ಫಾರ್ಮಲಿನ್‌ನಲ್ಲಿ. ಫಾರ್ಮಲಿನ್ ಒಂದು ಪಾಲಿಗೆ ಕಡಲ ನೀರು ಒಂಬತ್ತು ಪಾಲು. ಕಿಟಕಿ ತೆರೆದಿಟ್ಟುಕೊಂಡು ಬೆರೆಸಿ. ಕೆಲವು ದಿನ ಕಳೆದ ಮೇಲೆ 70 ಪರ್ಸೆಂಟ್ ಆಲ್ಕೋಹಾಲಿಗೆ ಬದಲಾಯಿಸಿ.

ಆದರೆ ಫಾರ್ಮಲಿನ್‌ಗೆ ನೇರವಾಗಿ ಹಾಕಿದರೆ ಪಾಲಿಪ್ ಮುದುಡಿ ಮುದ್ದೆಯಾಗುತ್ತದೆ, ಆಮೇಲೆ ಕೈಗಳನ್ನು ಎಣಿಸಲು ಆಗುವುದಿಲ್ಲ. ಮೊದಲು ಮಂಪರು ಬರಿಸಬೇಕು. ಮೆಗ್ನೀಸಿಯಂ ಕ್ಲೋರೈಡ್ ಹರಳು 75 ಗ್ರಾಂ ತೆಗೆದುಕೊಂಡು ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿಸಿ. ಪಾಲಿಪ್‌ಗಳು ಕೈ ಚಾಚಿಕೊಂಡಿರುವ ತಟ್ಟೆಗೆ ಇದನ್ನು ಸ್ವಲ್ಪ ಸ್ವಲ್ಪವಾಗಿ, ಕಡಲ ನೀರಿಗೆ ಸಮ ಆಗುವವರೆಗೆ ಸೇರಿಸಿ. ಸೂಜಿ ತಾಗಿಸಿದರೂ ಕೈ ಅಲ್ಲಾಡದಿದ್ದರೆ ಸಾಕು. ಇದು ಸಿಗದಿದ್ದರೆ ಗ್ರಂಥಿಗೆ ಅಂಗಡಿಯ ಮೆಂಥಾಲ್ ಹರಳು ನಾಲ್ಕು ಮೇಲೆ ತೇಲಿಬಿಟ್ಟು ತಟ್ಟೆ ಮುಚ್ಚಿಡಿ. ನಿಧಾನ, ಆದರೆ ಕೆಲಸ ಮಾಡುತ್ತದೆ.

ಚೀಟಿಯನ್ನು ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಜಾಗ, ದಿನ, ಯಾವುದರ ಮೇಲೆ ಬೆಳೆದಿತ್ತು, ನೀರಿನ ಯಾವ ಮಟ್ಟದಲ್ಲಿತ್ತು, ಬಣ್ಣ ಏನು. ಬಣ್ಣವನ್ನು ಅಲ್ಲೇ ಬರೆಯಿರಿ. ಫಾರ್ಮಲಿನ್‌ಗೆ ಬಿದ್ದ ಮೇಲೆ ಬಣ್ಣ ಉಳಿಯುವುದಿಲ್ಲ.

ಮೇಜಿನ ಮೇಲೆ

ಡಿಸೆಕ್ಷನ್ ಮೈಕ್ರೋಸ್ಕೋಪ್ ಒಂದು, ಕಾಂಪೌಂಡ್ ಮೈಕ್ರೋಸ್ಕೋಪ್ ಒಂದು, ಎರಡು ಸೂಜಿ, ಗ್ಲಿಸರಿನ್, ಐಪೀಸಿನೊಳಗೆ ಕೂರುವ ಅಳತೆಪಟ್ಟಿ. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಬಟ್ಟಲು ಗಾಜಿನಂತೆ ಪಾರದರ್ಶಕ. ಬೆಳಕು ಜಾಸ್ತಿ ಕೊಟ್ಟರೆ ಅಂಚೇ ಮಾಯವಾಗುತ್ತದೆ. ಕಂಡೆನ್ಸರಿನ ಕಿಂಡಿಯನ್ನು ಕಿರಿದು ಮಾಡಿ, ಬೆಳಕು ತಗ್ಗಿಸಿ. ಆಗ ಅಂಚಿನ ಹಲ್ಲುಗಳು ಒಂದೊಂದಾಗಿ ಎದ್ದು ಬರುತ್ತವೆ. ಫೋಕಸ್ ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ ಹತ್ತಿರದ ಅಂಚು, ದೂರದ ಅಂಚು ಎರಡನ್ನೂ ನೋಡಿ. ಒಂದೇ ಫೋಕಸ್‌ನಲ್ಲಿ ನೋಡಿದರೆ ಮುಂದಿನ ಹಲ್ಲು ಹಿಂದಿನ ಹಲ್ಲಿನ ಮೇಲೆ ಕೂತು, ಇಲ್ಲದ ಆಕಾರ ಕಾಣಿಸುತ್ತದೆ. ಕವರ್ ಸ್ಲಿಪ್ಪಿನ ಭಾರಕ್ಕೆ ಬಟ್ಟಲು ಚಪ್ಪಟೆಯಾಗದಂತೆ ನಾಲ್ಕು ಮೂಲೆಗೂ ಮೇಣದ ಸಣ್ಣ ಉಂಡೆ ಇಡಿ. ನಯವಾದ ಅಂಚು ಒಣಗಿದರೆ ಮಡಚಿಕೊಂಡು ಹಲ್ಲಿನ ಹಾಗೆ ಕಾಣುತ್ತದೆ. ಹಾಗಾಗಿ ತುಂಡನ್ನು ಒಂದು ಕ್ಷಣವೂ ಒಣಗಲು ಬಿಡಬೇಡಿ.

ಒಂದು ಬಟ್ಟಲು ನೋಡಿ ತೀರ್ಮಾನ ಬೇಡ. ಕಾಲನಿಯ ನಡುಭಾಗದಿಂದ ಹತ್ತು ಬಟ್ಟಲು ಆರಿಸಿ. ಉದ್ದ, ಬಾಯಿಯ ಅಗಲ, ಹಲ್ಲಿನ ಲೆಕ್ಕ, ತೊಟ್ಟಿನ ಬಳೆಗಳ ಲೆಕ್ಕ ಬರೆಯಿರಿ. ಅಲೆ ಬಡಿಯುವ ಬಂಡೆಯ ಮೇಲಿನದಕ್ಕೂ ಹಿನ್ನೀರಿನ ಹಗ್ಗದ ಮೇಲಿನದಕ್ಕೂ ಒಂದೇ ಪ್ರಭೇದವಾದರೂ ರೂಪ ಬೇರೆ ಇರಬಹುದು. ತುದಿಯ ಬಟ್ಟಲು ಎಳೆಯದು, ಬುಡದ ಬಟ್ಟಲು ಸವೆದದ್ದು. ಎರಡನ್ನೂ ನಂಬುವ ಹಾಗಿಲ್ಲ.

ಮೊದಲ ಕವಲು: ಬಟ್ಟಲು ಇದೆಯಾ, ಇಲ್ಲವಾ?

ಹೈಡ್ರಾಯ್ಡ್‌ನ ಕಾಂಡದ ಸುತ್ತ ಕೈಟಿನ್‌ನ ಹೊರಪೊರೆ ಇರುತ್ತದೆ. ಕೆಲವರಲ್ಲಿ ಈ ಪೊರೆ ಮೇಲೆ ಬಂದು ಪಾಲಿಪ್‌ನ ಸುತ್ತ ಬಟ್ಟಲಾಗುತ್ತದೆ. ಹೆದರಿದ ಪಾಲಿಪ್ ಅದರೊಳಗೆ ಮುದುಡಿ ಕೂರುತ್ತದೆ. ಈ ಬಟ್ಟಲಿಗೆ ಹೈಡ್ರೋಥೀಕಾ ಅಂತ ಹೆಸರು, ಈ ಗುಂಪಿಗೆ ಲೆಪ್ಟೋಥೆಕಾಟಾ. ಇನ್ನು ಕೆಲವರಲ್ಲಿ ಪೊರೆ ಪಾಲಿಪ್‌ನ ಕುತ್ತಿಗೆಗೇ ನಿಂತುಬಿಡುತ್ತದೆ, ಪಾಲಿಪ್ ಬೆತ್ತಲೆ. ಇವು ಆಂಥೊಅಥೆಕಾಟಾ.

ಇನ್ನೊಂದು ಬಟ್ಟಲೂ ಇದೆ, ಗೋನೋಥೀಕಾ. ಅದರೊಳಗೆ ಮರಿಗಳು ಮೊಗ್ಗಾಗುತ್ತವೆ. ನಮ್ಮ ತರಗತಿಯಲ್ಲಿ ಮೊದಲನೆಯದಕ್ಕೆ ಊಟದ ಬಟ್ಟಲು, ಎರಡನೆಯದಕ್ಕೆ ಬಸುರಿ ಬಟ್ಟಲು ಅನ್ನುತ್ತೇವೆ. ಮಕ್ಕಳಿಗೆ ಹಾಗೆ ಹೇಳಿದರೆ ಮರೆಯುವುದಿಲ್ಲ. ಮುಂದಕ್ಕೂ ಇದೇ ಮಾತು ಬಳಸುತ್ತೇನೆ.

ಬಟ್ಟಲು ಇದ್ದರೆ ಎರಡನೇ ಪ್ರಶ್ನೆ: ತೊಟ್ಟು ಇದೆಯಾ? ತೊಟ್ಟಿನ ಮೇಲೆ ಗಂಟೆಯಂಥ ಬಟ್ಟಲು ನಿಂತಿದ್ದರೆ ಒಬೇಲಿಯಾ, ಕ್ಲೈಟಿಯಾಗಳ ಕುಟುಂಬ ಇರಬಹುದು. ತೊಟ್ಟಿಲ್ಲದೆ ಕಾಂಡದ ಎರಡೂ ಮಗ್ಗುಲಿಗೆ ಬಟ್ಟಲು ಅಂಟಿದ್ದರೆ ಸರ್ಟುಲೇರಿಯಾದ ಕಡೆಯವು. ಗರಿಯಂಥ ಕಡ್ಡಿಗಳ ಒಂದೇ ಮುಖದಲ್ಲಿ ಬಟ್ಟಲು ಸಾಲಾಗಿದ್ದು, ನಡುನಡುವೆ ಅಕ್ಕಿನುಚ್ಚಿಗಿಂತ ಎಷ್ಟೋ ಚಿಕ್ಕ ಕುಟುಕು ಬಟ್ಟಲುಗಳಿದ್ದರೆ ಪ್ಲುಮುಲೇರಿಯಾದ ಕಡೆಯವು.

ತೊಟ್ಟಿರುವ ನಂಟರು: ಒಬೇಲಿಯಾ, ಕ್ಲೈಟಿಯಾ ಮತ್ತು ಇಬ್ಬರು

ಜನ ಅತಿ ಹೆಚ್ಚು ತಪ್ಪುವುದು ಇಲ್ಲೇ. ಊಟದ ಬಟ್ಟಲು ಮಾತ್ರ ನೋಡಿದರೆ ಇವರು ಒಬ್ಬರಂತೆ ಒಬ್ಬರು. ಜಾತಿ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಹೇಳಬೇಕಾದರೆ ಬಸುರಿ ಬಟ್ಟಲೇ ಬೇಕು.

ಒಬೇಲಿಯಾದ ಬಸುರಿ ಬಟ್ಟಲು ಹೂಜಿಯ ಹಾಗೆ, ಮೇಲೆ ಸಣ್ಣ ಕತ್ತು ಇರುತ್ತದೆ. ಒಳಗೆ ಪುಟ್ಟ ಜೆಲ್ಲಿಫಿಶ್ ಮೊಗ್ಗುಗಳು ಒಂದರ ಮೇಲೊಂದು ಪೇರಿಸಿರುತ್ತವೆ. ಹೊರಗೆ ಬಂದ ಮರಿ ತಟ್ಟೆಯಂತೆ ಚಪ್ಪಟೆ, ಅಂಚಿನ ಸುತ್ತ ಹುಟ್ಟುವಾಗಲೇ ಹದಿನಾರೋ ಅದಕ್ಕಿಂತ ಹೆಚ್ಚೋ ಕೈಗಳು. ಕ್ಲೈಟಿಯಾದ ಬಸುರಿ ಬಟ್ಟಲಿಗೆ ಹಾಗೆ ಎದ್ದ ಕತ್ತು ಇರುವುದಿಲ್ಲ, ಮೇಲ್ತುದಿ ಕತ್ತರಿಸಿದಂತೆ ಅಗಲ. ಮರಿ ಗುಂಡನೆ ಗಂಟೆ, ಹುಟ್ಟುವಾಗ ಕೈ ನಾಲ್ಕೇ. ಲೊಮೀಡಿಯಾದಲ್ಲಿ ಮರಿ ಜೆಲ್ಲಿಫಿಶ್ ಆಗಿ ಹೊರಗೆ ಈಜುವುದೇ ಇಲ್ಲ. ಗೋನೋಥೈರಿಯಾದಲ್ಲಿ ಬಟ್ಟಲಿನ ಬಾಯಿಯ ಹೊರಗೆ ಪುಟ್ಟ ಚೀಲಗಳು ಜೋತುಬಿದ್ದಿರುತ್ತವೆ, ಅವಕ್ಕೆ ಗಿಡ್ಡ ಕೈಗಳೂ ಇರುತ್ತವೆ, ಆದರೆ ಕಳಚಿ ಹೋಗುವುದಿಲ್ಲ. ಇದು ತಂಪು ಕಡಲಿನದು.

ಇದನ್ನು ಓದಿ ತಿಳಿಯುವುದು ಬೇರೆ, ನೋಡುವುದು ಬೇರೆ. ಒಂದು ಸಲ ಹೊನ್ನಾವರದಿಂದ ಪಚ್ಚಿಲೆ ಚಿಪ್ಪಿನ ಮೇಲಿನ ಒಂದು ಕಾಲನಿಯನ್ನು ಜೀವಂತ ತಂದಿದ್ದೆವು. ನಾನು ಒಬೇಲಿಯಾ ಇರಬಹುದು ಅಂದುಕೊಂಡಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಪೆಟ್ರಿ ಡಿಶ್‌ನಲ್ಲಿಟ್ಟು ಇಬ್ಬರು ವಿದ್ಯಾರ್ಥಿನಿಯರು ಸರದಿಯಲ್ಲಿ ಕಾಯುತ್ತಿದ್ದರು. ಬಸುರಿ ಬಟ್ಟಲಿನೊಳಗೆ ಮೇಲಿನ ಮೊಗ್ಗು ಮಿಡಿಯುತ್ತಿತ್ತು. ಮಿಡಿಯುವುದು, ನಿಲ್ಲುವುದು, ಮತ್ತೆ ಮಿಡಿಯುವುದು. ಆಮೇಲೆ ಬಾಯಿಯ ಹತ್ತಿರ ಒಂದು ಮಗ್ಗುಲು ಹೊರಗೆ ಬಂತು, ಸಿಕ್ಕಿಹಾಕಿಕೊಂಡಿತು, ಒಂದು ಜಗ್ಗು ಜಗ್ಗಿ ಪೂರ್ತಿ ಹೊರಬಿತ್ತು. "ಮೇಡಂ, ಬಂತು! ಕೈ ನಾಲ್ಕೇ ಇದೆ!" ಅಂತ ಜಗಳೂರಿನ ಹುಡುಗಿ ಕೂಗಿದಳು. ನಾನೂ ಎಣಿಸಿದೆ. ನಾಲ್ಕು. ಆ ಗಳಿಗೆಯಲ್ಲಿ ಒಬೇಲಿಯಾ ಹೋಗಿ ಕ್ಲೈಟಿಯಾ ಆಯಿತು. ಕಡಲಿನಿಂದ ಇಷ್ಟು ದೂರ, ದಾವಣಗೆರೆಯ ಒಂದು ಕೋಣೆಯಲ್ಲಿ ಒಂದು ಜೆಲ್ಲಿಫಿಶ್ ಹುಟ್ಟಿದ್ದನ್ನು ನಾವು ಮೂವರು ಕಣ್ಣಾರೆ ಕಂಡೆವು.

ಒಂದು ಮಾತು ನೆನಪಿರಲಿ. ಮರಿಯ ಕೈ ಎಣಿಸಿದರೆ ಜಾತಿ ಗೊತ್ತಾಗುತ್ತದೆ, ಪ್ರಭೇದ ಅಲ್ಲ. ಒಬೇಲಿಯಾದ ಬೇರೆ ಬೇರೆ ಪ್ರಭೇದಗಳ ಜೆಲ್ಲಿಫಿಶ್‌ಗಳನ್ನು ನೋಡಿ ಬೇರ್ಪಡಿಸಲು ಆಗುವುದಿಲ್ಲ. ಪ್ರಭೇದಕ್ಕೆ ಮತ್ತೆ ಕಾಲನಿಗೇ ಬರಬೇಕು.

ಒಬೇಲಿಯಾದ ನಾಲ್ವರು

ಇವರ ಹೆಸರಿನಲ್ಲೇ ಗುರುತು ಅಡಗಿದೆ. ಲ್ಯಾಟಿನ್ ಅರ್ಥ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಜೆನಿಕ್ಯುಲಾಟಾ ಅಂದರೆ ಮೊಣಕಾಲಿನಂತೆ ಮಡಚಿದ್ದು. ಕಾಂಡ ಅಂಕುಡೊಂಕು. ಪ್ರತಿ ತಿರುವಿನಲ್ಲೂ ತೊಟ್ಟಿನ ಬುಡದ ಕೆಳಗೆ ಹೊರಪೊರೆ ಒಂದೇ ಮಗ್ಗುಲಲ್ಲಿ ದಪ್ಪಗಾಗಿ, ತೊಟ್ಟನ್ನು ಹೊರುವ ಚಾಚುಕಟ್ಟೆಯ ಹಾಗೆ ಕಾಣುತ್ತದೆ. ಈ ಒಂದೇ ಮಗ್ಗುಲ ದಪ್ಪವೇ ಇದರ ಮುದ್ರೆ. ಬಟ್ಟಲು ಗಿಡ್ಡ, ಅಂಚು ನಯ. ದೊಡ್ಡ ಕಂದು ಪಾಚಿಗಳ ಮೇಲೆ ಹೆಚ್ಚಾಗಿ ಬೆಳೆಯುತ್ತದೆ. ಅಂಕುಡೊಂಕು ನೋಡಿದ ಮಾತ್ರಕ್ಕೆ ಇದೇ ಅನ್ನಬೇಡಿ. ಬೇರೆಯವರ ಕಾಂಡವೂ ಸ್ವಲ್ಪ ಡೊಂಕಿರುತ್ತದೆ. ಪೊರೆಯ ದಪ್ಪ ನೋಡಿ.

ಡೈಕಾಟಮಾ ಅಂದರೆ ಎರಡಾಗಿ ಕವಲೊಡೆದದ್ದು. ಪೊರೆ ಎಲ್ಲ ಕಡೆ ಒಂದೇ ಸಮ ತೆಳು. ಬಟ್ಟಲಿನ ಅಂಚು ನಯ, ಇಲ್ಲವೇ ಬಹಳ ನವಿರಾದ ಅಲೆ. ಕವಲು ಹೀಗೆ ಹಾಗೆ ಹೇಗೆ ಬೇಕಾದರೂ ಒಡೆಯುತ್ತದೆ.

ಲಾಂಜಿಸಿಮಾ ಅಂದರೆ ತೀರಾ ಉದ್ದವಾದದ್ದು. ಒಂದು ಮುಖ್ಯ ಕಾಂಡ ಸ್ಪಷ್ಟವಾಗಿರುತ್ತದೆ, ಬಲಿತಾಗ ಕಡುಕಂದು ಬಣ್ಣಕ್ಕೆ ತಿರುಗುತ್ತದೆ, ಪಕ್ಕದ ಕೊಂಬೆಗಳು ತುದಿಯ ಕಡೆ ಹೋದಂತೆ ಗಿಡ್ಡ. ಅಂಚಿನಲ್ಲಿ ಮೊಂಡಾದ ತಗ್ಗು ಹಲ್ಲುಗಳಿರುತ್ತವೆ. ಎಳೆಯ ಲಾಂಜಿಸಿಮಾವನ್ನು ಡೈಕಾಟಮಾದಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಪಾಲ್ ಕಾರ್ನೀಲಿಯಸ್ 1975ರಲ್ಲಿ ಒಬೇಲಿಯಾದ ಹೆಸರುಗಳ ರಾಶಿಯನ್ನು ಜಾಲಿಸಿ ಮೂರೇ ಮೂರು ಪ್ರಭೇದ ಉಳಿಸಿದರು. ಲಾಂಜಿಸಿಮಾವನ್ನೂ ಡೈಕಾಟಮಾದೊಳಗೆ ಸೇರಿಸಿದ್ದರು. ಮುಂದೆ ಅವರೇ ಅದನ್ನು ಬೇರೆ ಅಂತ ಒಪ್ಪಿಕೊಂಡರು. ಇದನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಒಮ್ಮೆ ಬರೆದದ್ದನ್ನು ಮತ್ತೆ ನೋಡಿ ತಿದ್ದಿಕೊಳ್ಳುವುದು ದೊಡ್ಡ ಕೆಲಸ.

ಬೈಡೆಂಟಾಟಾ ಅಂದರೆ ಎರಡು ಹಲ್ಲಿನದು. ಬಟ್ಟಲು ಉದ್ದ ಕೊಳವೆ. ಅಂಚಿನ ಪ್ರತಿ ಹಲ್ಲೂ ತುದಿಯಲ್ಲಿ ಸೀಳಿ ಎರಡು ಮೊನೆ. ಹಾಗಾಗಿ ಅಂಚಿನ ಸುತ್ತ ಒಂದು ಆಳದ ತಗ್ಗು, ಒಂದು ಮೇಲಿನ ತಗ್ಗು, ಮತ್ತೆ ಆಳದ ತಗ್ಗು ಹೀಗೆ ಬರುತ್ತದೆ. ಬಟ್ಟಲಿನ ಮೈಮೇಲೆ ನವಿರಾದ ಉದ್ದಗೆರೆಗಳೂ ಕಾಣಬಹುದು. ಇದನ್ನು ಕ್ಲೈಟಿಯಾ ಲಿನಿಯಾರಿಸ್ ಜೊತೆ ಕಲಸಬೇಡಿ. ಅದರ ಬಟ್ಟಲಿನಲ್ಲೂ ಉದ್ದ ಮಡಿಕೆ ಇರುತ್ತದೆ, ಆದರೆ ಹಲ್ಲಿಗೆ ಮೊನೆ ಒಂದೇ.

ಕ್ಲೈಟಿಯಾದ ಅಕ್ಕ–ತಂಗಿ

ಹೆಮಿಸ್ಫೆರಿಕಾ, ಗ್ರಾಸಿಲಿಸ್. ಹೆಮಿಸ್ಫೆರಿಕಾದಲ್ಲಿ ತೆವಳುವ ಎಳೆಯಿಂದ ಹೆಚ್ಚಾಗಿ ಒಂಟಿ ತೊಟ್ಟುಗಳು ಏಳುತ್ತವೆ. ತೊಟ್ಟಿನ ಬುಡದಲ್ಲಿ, ಮೇಲ್ತುದಿಯಲ್ಲಿ ಬಳೆಗಳು, ನಡುವೆ ನಯ. ಬಟ್ಟಲಿನ ಹಲ್ಲು ಮೊಂಡು, ಎರಡೂ ಕಡೆ ಸಮ. ಗ್ರಾಸಿಲಿಸ್‌ನಲ್ಲಿ ಹಲ್ಲು ಚೂಪು, ಎಲ್ಲ ಒಂದೇ ಕಡೆ ಸ್ವಲ್ಪ ವಾಲಿರುತ್ತವೆ. ತೊಟ್ಟು ಕವಲೊಡೆಯುವುದೂ ಉಂಟು. ಆದರೆ ಹಲ್ಲಿನ ಮೇಲೆ ಮಾತ್ರ ಭರವಸೆ ಇಡಬೇಡಿ, ಹಲ್ಲು ಸವೆಯುತ್ತದೆ. ಬಸುರಿ ಬಟ್ಟಲಿನ ಗೋಡೆ ನೋಡಿ. ಬಳೆ ತೊಡಿಸಿದಂತೆ ಉಂಗುರ ಉಂಗುರವಾಗಿದ್ದರೆ ಹೆಮಿಸ್ಫೆರಿಕಾ, ನಯವಾಗಿದ್ದರೆ ಗ್ರಾಸಿಲಿಸ್. ಅಷ್ಟಾದರೂ ಗ್ರಾಸಿಲಿಸ್ ಎಂಬ ಹೆಸರಿನಡಿ ಒಂದಕ್ಕಿಂತ ಹೆಚ್ಚು ವಂಶಗಳಿವೆ ಅಂತ ಡಿಎನ್‌ಎ ಹೇಳುತ್ತಿದೆ. ಅದಕ್ಕೇ ನಾವು ಚೀಟಿಯಲ್ಲಿ ಆ ಹೆಸರಿನ ನಡುವೆ 'ಸಿಎಫ್.' ಅಂತ ಸೇರಿಸುತ್ತೇವೆ. ಇದಕ್ಕೆ ಹೋಲುತ್ತದೆ, ಇನ್ನೂ ಖಚಿತವಲ್ಲ ಅಂತ ಅದರ ಅರ್ಥ.

ತೊಟ್ಟಿಲ್ಲದವು, ಗರಿಯಂಥವು

ಸರ್ಟುಲೇರಿಯಾದ ಕಡೆಯವರಲ್ಲಿ ಬಟ್ಟಲಿಗೆ ಮುಚ್ಚಳ ಇರುತ್ತದೆ. ಹಲ್ಲು ಮತ್ತು ಮುಚ್ಚಳದ ಎಸಳು ಎಣಿಸಿ. ಸರ್ಟುಲರೆಲ್ಲಾದಲ್ಲಿ ನಾಲ್ಕು ಹಲ್ಲು, ನಾಲ್ಕು ಎಸಳು, ಮುಚ್ಚಿದಾಗ ಪುಟ್ಟ ಗೋಪುರದಂತೆ. ಸಿಂಪ್ಲೆಕ್ಟೋಸೈಫಸ್‌ನಲ್ಲಿ ಮೂರು, ಮೂರು. ಸರ್ಟುಲೇರಿಯಾ, ಡೈನಮೀನಾಗಳಲ್ಲಿ ಎಸಳು ಎರಡು. ಹಳೆಯ ಬಟ್ಟಲಿನಿಂದ ಮುಚ್ಚಳ ಬಿದ್ದುಹೋಗಿರುತ್ತದೆ, ಹಾಗಾಗಿ ಎಸಳನ್ನು ಮಾತ್ರ ಎಳೆಯ ತುದಿಯಲ್ಲಿ ಎಣಿಸಬೇಕು. ನನ್ನ ಹಳೆಯ 'ಒಬೇಲಿಯಾ' ಸ್ಲೈಡ್ ಈ ಕುಟುಂಬದ್ದೇ. ಮುಚ್ಚಳ ಒಂದೂ ಉಳಿದಿರಲಿಲ್ಲ, ಮುಂದೆ ಹೋಗಲಾಗಲಿಲ್ಲ.

ಗರಿಗಳಲ್ಲಿ ಪ್ಲುಮುಲೇರಿಯಾದ ಬಟ್ಟಲಿನ ಅಂಚು ನಯ, ಕುಟುಕು ಬಟ್ಟಲುಗಳು ಅಲ್ಲಾಡುತ್ತವೆ, ಬಸುರಿ ಬಟ್ಟಲು ಬಯಲಿನಲ್ಲೇ ಇರುತ್ತದೆ. ಅಗ್ಲೊಫೀನಿಯಾದ ಅಂಚಿಗೆ ಹಲ್ಲು. ಒಂದೊಂದು ಬಟ್ಟಲಿಗೂ ಮೂರು ಕುಟುಕು ಬಟ್ಟಲು: ಎರಡು ಮಗ್ಗುಲಲ್ಲಿ, ಒಂದು ಮುಂದೆ. ಮೂರೂ ಅಲ್ಲಾಡುವುದಿಲ್ಲ. ಬಸುರಿ ಬಟ್ಟಲುಗಳನ್ನು ಬುಟ್ಟಿ ಹೆಣೆದು ಮುಚ್ಚಿಟ್ಟಿರುತ್ತದೆ. ಆ ಬುಟ್ಟಿಯನ್ನು ಒಮ್ಮೆ ನೋಡಿದರೆ ಸಾಕು, ಬಿದಿರಿನ ಸೀಳು ಬಾಗಿಸಿ ಕಟ್ಟಿದ ಹಾಗೇ ಇದೆ.

ಬಟ್ಟಲಿಲ್ಲದವು ಮತ್ತು ಕುಂದವಾಡ ಕೆರೆಯ ಪಾಠ

ಇಲ್ಲಿ ಪಾಲಿಪ್‌ನ ಕೈಗಳೇ ದಾರಿದೀಪ. ಪೆನ್ನೇರಿಯಾ ಡಿಸ್ಟಿಕಾದಲ್ಲಿ ಕಪ್ಪು ಕಾಂಡ, ಎರಡು ಬಗೆಯ ಕೈ: ಕೆಳಗೆ ಉದ್ದ ಎಳೆಯಂಥವು ಒಂದು ಸುತ್ತು, ಮೇಲೆ ತುದಿಗೆ ಗುಂಡಿಯಿರುವ ಗಿಡ್ಡ ಕೈಗಳು. ಟುಬುಲೇರಿಯಾ, ಎಕ್ಟೊಪ್ಲೂರಾಗಳಲ್ಲಿ ಎಳೆಗೈಗಳ ಎರಡು ಸುತ್ತು. ಕೊರೀನೆಯಲ್ಲಿ ಗುಂಡಿಗೈಗಳು ಮೈತುಂಬ ಚದುರಿರುತ್ತವೆ. ಬೂಗನ್‌ವಿಲ್ಲಿಯಾ, ಯೂಡೆಂಡ್ರಿಯಂ ಎರಡರಲ್ಲೂ ಕೈಗಳ ಸುತ್ತು ಒಂದೇ. ಆದರೆ ಯೂಡೆಂಡ್ರಿಯಂನ ಬಾಯಿ ಕಹಳೆಯಂತೆ ಅರಳಿರುತ್ತದೆ, ಬೂಗನ್‌ವಿಲ್ಲಿಯಾದ ಬಾಯಿ ಶಂಕುವಿನಂತೆ ಚೂಪು.

ಯೂಡೆಂಡ್ರಿಯಂನ ಪ್ರಭೇದ ಹೇಳಬೇಕೆಂದರೆ ಕುಟುಕು ಕೋಶದೊಳಗಿನ ನೆಮಟೋಸಿಸ್ಟ್, ಅಂದರೆ ಸಿಡಿದು ಕುಟುಕುವ ಪುಟ್ಟ ಚೀಲ, ನೋಡಲೇಬೇಕು. ಸಣ್ಣ ಬಗೆಯೊಂದು ಎಲ್ಲರಲ್ಲೂ ಇರುತ್ತದೆ. ಅದರ ಜೊತೆ ಇನ್ನೊಂದು ದೊಡ್ಡ ಬಗೆ ಇದೆಯಾ, ಇದ್ದರೆ ಯಾವುದು, ಮೈಯಲ್ಲಿ ಎಲ್ಲಿ ಗುಂಪಾಗಿದೆ ಎಂಬುದೇ ಭೇದ. ಜೀವಂತ ಪಾಲಿಪ್‌ನ ಒಂದು ತುಂಡನ್ನು ಸ್ಲೈಡಿನ ಮೇಲೆ ಕಡಲ ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಹಾಕಿ, ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ, ನೂರರ ಆಯಿಲ್ ಲೆನ್ಸಿನಲ್ಲಿ ನೋಡಬೇಕು. ಸಿಡಿಯದ್ದು, ಸಿಡಿದದ್ದು ಎರಡನ್ನೂ ಅಳೆಯಬೇಕು.

ಈ ಕೈಚಳಕಕ್ಕೆ ಕಡಲು ಬೇಕಾಗಿಲ್ಲ. ದಾವಣಗೆರೆಯ ಕುಂದವಾಡ ಕೆರೆಯದ್ದೋ ನಿಮ್ಮೂರಿನ ಕೆರೆಯದ್ದೋ ಒಂದು ಹಿಡಿ ನೀರುಗಿಡ ತಂದು, ಅದೇ ಕೆರೆ ನೀರು ತುಂಬಿದ ಗಾಜಿನ ಸೀಸೆಯಲ್ಲಿ ಹಾಕಿ ಕಿಟಕಿಯ ಹತ್ತಿರ ಇಡಿ. ಅದೃಷ್ಟವಿದ್ದರೆ ಮಾರನೇ ದಿನ ಬೆಳಕಿನ ಕಡೆಯ ಗಾಜಿಗೆ ಹೈಡ್ರಾ ಅಂಟಿಕೊಂಡಿರುತ್ತವೆ. ಹಸಿರಾಗಿದ್ದರೆ ಒಳಗೆ ಪಾಚಿಯನ್ನು ಸಾಕಿಕೊಂಡ ಹಸಿರು ಹೈಡ್ರಾ, ಕಂದಾಗಿದ್ದರೆ ಬೇರೆಯವು. ಹೈಡ್ರಾದಲ್ಲಿ ನೆಮಟೋಸಿಸ್ಟ್ ನಾಲ್ಕು ಬಗೆ. ದೊಡ್ಡದಾಗಿ, ಒಳಗೆ ಮುಳ್ಳಿನ ಈಟಿ ಇರುವುದು ಸ್ಟೀನೋಟೀಲ್. ನಾಲ್ಕನ್ನೂ ಬೇರ್ಪಡಿಸಿ ಚಿತ್ರ ಬರೆಯುವಷ್ಟು ಕಣ್ಣು ಪಳಗಿದ ಮೇಲೆ ಕಡಲಿನ ಯೂಡೆಂಡ್ರಿಯಂ ಮುಟ್ಟಿ. ಇಲ್ಲಾಂದ್ರೆ ದೂರದಿಂದ ತಂದದ್ದು ಸುಮ್ನೆ ಹಾಳಾಗುತ್ತದೆ.

ಕಣ್ಣಿಗೆ ಕಾಣದ ಭೇದ

ಕೆಲವು ಪ್ರಭೇದಗಳು ಮೈಕ್ರೋಸ್ಕೋಪಿಗೂ ಸಿಗುವುದಿಲ್ಲ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಸನ್ಯಾಸಿ ಏಡಿಗಳ ಶಂಖದ ಮೇಲೆ ಬೆಳೆಯುವ ಹೈಡ್ರಾಕ್ಟಿನಿಯಾವನ್ನು ಬಹಳ ಕಾಲ ಒಂದೇ ಪ್ರಭೇದ ಅಂದುಕೊಂಡಿದ್ದರು. 1989ರಲ್ಲಿ ಲಿಯೋ ಬಸ್ ಮತ್ತು ಫಿಲಿಪ್ ಯುಂಡ್ ಅದು ಒಂದಲ್ಲ, ಒಂದೊಂದು ಬಗೆಯ ಏಡಿಯ ಜೊತೆ ಒಂದೊಂದು ಪ್ರಭೇದ ಅಂತ ತೋರಿಸಿದರು. ಯಾವುದರ ಮೇಲೆ ಬೆಳೆದಿತ್ತು ಅಂತ ಚೀಟಿಯಲ್ಲಿ ಬರೆಯಿರಿ ಅಂದೆನಲ್ಲ, ಅದಕ್ಕೇ.

ಡಿಎನ್‌ಎಗೆ ಕಳಿಸುವುದಾದರೆ ಹೈಡ್ರೋಜೋವಾಗಳಿಗೆ ಹೆಚ್ಚಾಗಿ ಮೈಟೋಕಾಂಡ್ರಿಯಾದ 16ಎಸ್ ಜೀನ್ ಓದಿಸುತ್ತಾರೆ. ಬಂದ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಬೇಡಿ. ಜಾಗತಿಕ ದತ್ತಾಂಶದಲ್ಲಿ ನಿಮ್ಮದಕ್ಕೆ ಹೊಂದಿದ ಸರಣಿಯ ಮೇಲಿನ ಹೆಸರು ಯಾರೋ ಒಬ್ಬರು ಇಟ್ಟದ್ದು, ಅವರೂ ತಪ್ಪಿರಬಹುದು. ಮುಪ್ಪಿನಿಂದ ಮರಳಿ ಪಾಲಿಪ್ ಆಗುವ 'ಸಾವಿಲ್ಲದ ಜೆಲ್ಲಿಫಿಶ್' ಮೊದಲು ಹೆಸರಾದದ್ದು ಟರಿಟಾಪ್ಸಿಸ್ ನ್ಯೂಟ್ರಿಕ್ಯುಲಾ ಎಂದು. ಆಮೇಲೆ ಅದನ್ನು ಟರಿಟಾಪ್ಸಿಸ್ ಡೋರ್ನಿ ಎಂದು ತಿದ್ದಲಾಯಿತು. ಅಷ್ಟು ಹೆಸರಾದ ಪ್ರಾಣಿಗೇ ಹೀಗಾದರೆ ನಮ್ಮ ಸೀಸೆಯದ್ದಕ್ಕೆ ಎಷ್ಟು ಎಚ್ಚರ ಬೇಕು, ಅಲ್ವಾ? ಆ ತುಂಡಿನ ಜೊತೆಯದ್ದನ್ನು ಫಾರ್ಮಲಿನ್‌ನಲ್ಲಿ ಉಳಿಸಿಕೊಂಡಿದ್ದರೆ ಮತ್ತೆ ನೋಡಬಹುದು.

ಚೀಟಿ ಬರೆಯುವುದು

ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ಅಂತ ವರ್ಮ್ಸ್ ಎಂಬ ಜಾಗತಿಕ ಕಡಲಜೀವಿ ಪಟ್ಟಿಯಲ್ಲಿ ನೋಡಿ, ಇಂಟರ್ನೆಟ್ಟಿನಲ್ಲಿ ಉಚಿತ. ಒಬೇಲಿಯಾ ಜೆನಿಕ್ಯುಲಾಟಾ (ಲಿನೇಯಸ್, 1758) ಅಂತ ಇದ್ದರೆ ಆ ಆವರಣ ಚಿಹ್ನೆಗೆ ಅರ್ಥವಿದೆ: ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ಬೇರೆ ಜಾತಿಯಲ್ಲಿ, ಸರ್ಟುಲೇರಿಯಾದಲ್ಲಿ ಇಟ್ಟಿದ್ದರು. ಆವರಣ ಬಿಟ್ಟು ಬರೆದರೆ ಅದು ತಪ್ಪು.

ಬಸುರಿ ಬಟ್ಟಲು ಸಿಗದಿದ್ದರೆ ಜಾತಿಗೇ ನಿಲ್ಲಿಸಿ, ಮುಂದೆ 'ಎಸ್‌ಪಿ.' ಅಂತ ಬರೆಯಿರಿ. ಜಾತಿಯೂ ಖಚಿತವಿಲ್ಲದಿದ್ದರೆ ಕುಟುಂಬಕ್ಕೆ ನಿಲ್ಲಿಸಿ. ಯಾವುದನ್ನು ನೋಡಿ ಹಾಗೆ ತೀರ್ಮಾನಿಸಿದಿರಿ, ಯಾವುದು ಸಿಗಲಿಲ್ಲ ಅಂತ ಒಂದು ಸಾಲು ಸೇರಿಸಿ. ಮುಂದೆ ನೋಡುವವರಿಗೆ ಆ ಸಾಲೇ ಹೆಸರಿಗಿಂತ ಜಾಸ್ತಿ ಉಪಯೋಗ.

ಆ ರಾತ್ರಿ ಮರಿ ಹಾಕಿದ ಕಾಲನಿಯ ಚೀಟಿಯನ್ನು ಜಗಳೂರಿನ ಹುಡುಗಿಯೇ ಬರೆದಳು: "ಕ್ಲೈಟಿಯಾ ಎಸ್‌ಪಿ. ಹೊನ್ನಾವರ, ಪಚ್ಚಿಲೆ ಚಿಪ್ಪಿನ ಮೇಲೆ. ಮರಿಗೆ ನಾಲ್ಕು ಕೈ, ಕಣ್ಣಾರೆ ನೋಡಿದ್ದು. ಇದ್ದದ್ದು ಒಂದೇ ಬಸುರಿ ಬಟ್ಟಲು, ಸ್ಲೈಡಿಗೆ ಎತ್ತುವಾಗ ನಜ್ಜಾಯಿತು, ಗೋಡೆ ನಯವೋ ಉಂಗುರವೋ ನೋಡಲಾಗಲಿಲ್ಲ." ಆ ಸೀಸೆ ಕಪಾಟಿನ ಎರಡನೇ ಸಾಲಿನಲ್ಲಿದೆ. ಈ ಜನವರಿಯಲ್ಲಿ ಅದೇ ಬಂಡೆಯ ಅದೇ ಮಗ್ಗುಲಿಗೆ ಹೋಗುತ್ತೇವೆ. ಈ ಸಲ ಮೇಣದ ಉಂಡೆಗಳನ್ನು ಮೊದಲೇ ಮಾಡಿಟ್ಟುಕೊಂಡಿದ್ದೇವೆ.